ಅವ್ವನಿಗೆ ಒಪ್ಪುವ ಮನೆ

ಸುರಪುರದಲ್ಲಿ ನಾವು ಮನೆ ನೋಡಲು ಹೋದಲ್ಲೆಲ್ಲ ಅವ್ವ ಮೊದಲು ಗೋಡೆಯ ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದಳು. ಒಲೆ ಎಲ್ಲಿದೆ, ಹೊಗೆ ಎಲ್ಲಿಂದ ಹೋಗುತ್ತದೆ, ಬಚ್ಚಲು ಒಳಗೋ ಹೊರಗೋ ಎಂಬುದೆಲ್ಲ ಆಮೇಲೆ. ಗೋಡೆಯ ಮೇಲೆ ಮೊಣಕಾಲಿನ ಮಟ್ಟದಿಂದ ಸೊಂಟದ ಮಟ್ಟದವರೆಗೆ ಅಂಗೈ ಸವರಿ, ಮನೆ ತೋರಿಸಲು ಬಂದವರ ಕಡೆ ತಿರುಗಿ ಕೇಳುತ್ತಿದ್ದಳು:

"ಹೊಳಿ ನೀರು ಎಲ್ಲಿತನ ಬರ್ತಾವ್ರಿ?"

ಮೊದಲ ಮನೆಯಲ್ಲಿ ನಮ್ಮ ಜೊತೆ ಇದ್ದವರು ನಮ್ಮ ಶಾಲೆಯ ಲೆಕ್ಕದ ಮಾಸ್ತರರು. ನನಗಿಂತ ಬಹಳ ಹಿರಿಯರು, ಅದೇ ಊರಿನವರು. ಅವರು ಅವ್ವನನ್ನು ಒಮ್ಮೆ, ಕಿಟಕಿಯಾಚೆ ನಿಂತಿದ್ದ ಗುಡ್ಡವನ್ನು ಒಮ್ಮೆ ನೋಡಿದರು.

"ಅವ್ವಾರ, ಇದು ಗುಡ್ಡದ ಊರು. ಇಲ್ಲಿಗಿ ಹೊಳಿ ಬಂತಂದ್ರ ನಾವು ಊರ ಅಗಸಿ ಬಾಗಲತನ ಹೋಗಿ ಆರತಿ ಮಾಡಿ ಕರಕೊಂಬರ್ತೀವಿ."

"ನಗಬ್ಯಾಡ್ರಿ ಮಾಸ್ತರ. ಹೊಳಿ ಹೇಳಿ ಬರಂಗಿಲ್ಲ" ಎಂದಳು ಅವ್ವ.

ನಮ್ಮದು ಕೃಷ್ಣೆಯ ದಂಡೆಯ ಊರು. ಅಪ್ಪ ಹರಿಗೋಲು ಹಾಕುತ್ತಿದ್ದ, ಅಜ್ಜನೂ ಅದನ್ನೇ ಮಾಡಿದ್ದ. ಅಲ್ಲಿ ಪ್ರತಿ ಮನೆಯ ಗೋಡೆಯ ಮೇಲೂ ಹೊಳೆ ಬಂದು ಹೋದ ಗೆರೆ ಇರುತ್ತದೆ. ಸುಣ್ಣ ಬಳಿದರೂ ಮಳೆಗಾಲದಲ್ಲಿ ಅದು ಮತ್ತೆ ಒದ್ದೆಯಾಗಿ ಕಾಣಿಸಿಕೊಳ್ಳುತ್ತದೆ. ಹೆಣ್ಣು ಕೊಡುವವರು ಹುಡುಗನ ಮುಖ ನೋಡುವ ಮೊದಲು ಆ ಗೆರೆ ನೋಡುತ್ತಿದ್ದರು ಎಂದು ಅವ್ವ ಹೇಳುತ್ತಿದ್ದಳು. ತಮಾಷೆಗೋ ನಿಜಕ್ಕೋ, ನಾನು ಕೇಳಿ ತಿಳಿದುಕೊಳ್ಳಲಿಲ್ಲ.

ಕಲಬುರ್ಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನನಗೆ ಸುರಪುರದಲ್ಲಿ ಮಾಸ್ತರಿಕೆ ಸಿಕ್ಕಿತ್ತು. ಕಚೇರಿಗಳ ಉರ್ದು ಬೋರ್ಡುಗಳ ಮೇಲೆ ಕನ್ನಡ ಬರೆಸುತ್ತಿದ್ದ ಕಾಲ. ಹೊಸ ಬಣ್ಣದ ಅಡಿಯಿಂದ ಹಳೆಯ ಅಕ್ಷರಗಳ ಬಾಲ ಅಲ್ಲಲ್ಲಿ ಇಣುಕುತ್ತಿತ್ತು. ಭೂಗೋಳವನ್ನು ಉರ್ದುವಿನಲ್ಲಿ ಕಲಿತು, ಹೈದರಾಬಾದಿನಲ್ಲಿ ಪದವಿ ಮುಗಿಸಿದ್ದ ನಾನು ಈಗ ಅದನ್ನು ಕನ್ನಡದಲ್ಲಿ ಹೇಳಿಕೊಡಬೇಕಿತ್ತು. ಬೆಳಗಿನ ಪಾಠಕ್ಕೆ ರಾತ್ರಿಯೇ ಶಬ್ದಗಳನ್ನು ಹೊಂದಿಸಿಕೊಳ್ಳುತ್ತಿದ್ದೆ. 'ಜಜೀರಾ' ಎಂದು ನಾಲಿಗೆಗೆ ಬಂದರೆ ನುಂಗಿ 'ದ್ವೀಪ' ಎನ್ನಬೇಕು. ಹುಡುಗರು ನಗುತ್ತಿದ್ದರು, ಆದರೆ ಅವರಿಗೂ 'ಜಜೀರಾ'ವೇ ಬೇಗ ತಿಳಿಯುತ್ತಿತ್ತು.

ಹತ್ತನೆಯ ವಯಸ್ಸಿಗೆ ಊರು ಬಿಟ್ಟವನು ನಾನು. ಮೊದಲು ಯಾದಗಿರಿಯಲ್ಲಿ ದೂರದ ಸಂಬಂಧಿಯ ಮನೆ, ಆಮೇಲೆ ಕಲಬುರ್ಗಿಯ ಬೋರ್ಡಿಂಗು, ಆಮೇಲೆ ಹೈದರಾಬಾದಿನ ಹಾಸ್ಟೆಲು. ಅವ್ವನ ಜೊತೆ ಇದ್ದದ್ದು ರಜೆಗಳಲ್ಲಿ ಮಾತ್ರ, ಅದೂ ಬಂದ ನೆಂಟನ ಹಾಗೆ. ನನಗೆ ಹೊಸ ಚಾಪೆ ಹಾಸುತ್ತಿದ್ದರು, ಅಣ್ಣನಿಗೆ ಹಳೆಯದು. ಅಪ್ಪ ತೀರಿಕೊಂಡ ಮೇಲೆ ಅವ್ವ ಅಣ್ಣನ ಮನೆಯಲ್ಲಿ ಸುಖವಾಗಿಯೇ ಇದ್ದಳು. ಸೊಸೆಯೊಂದಿಗೆ ಜಗಳವಿಲ್ಲ, ಮೊಮ್ಮಕ್ಕಳಿದ್ದರು. ಅವಳನ್ನು ಕರೆದುಕೊಂಡು ಬರಲು ನನ್ನಲ್ಲಿ ಒಳ್ಳೆಯ ಕಾರಣವೇ ಇರಲಿಲ್ಲ. ಖಾನಾವಳಿ ಊಟದಿಂದ ಹೊಟ್ಟೆ ಕೆಟ್ಟಿದೆ ಎಂದು ಹೇಳಿದೆ. ಒಂದೇ ಸೂರಿನ ಕೆಳಗೆ ಅವಳ ಜೊತೆ ಒಂದಷ್ಟು ವರ್ಷ ಇರಬೇಕೆಂದು ಆಸೆ ಎಂದು, ಮೀಸೆ ಬಂದು ವರ್ಷಗಳಾದ ಗಂಡಸು ಹೇಗೆ ಬಾಯಿಬಿಟ್ಟು ಹೇಳಬೇಕು?

ಅವಳು ಒಂದು ಗಂಟು ಕಟ್ಟಿಕೊಂಡು ಬಂದಳು. ಬಸ್ಸಿನಿಂದ ಇಳಿಯುವ ಮೊದಲೇ ಕರಾರು ಹೇಳಿದಳು.

"ಮನಿ ಒಗ್ಗಿದ್ರ ಇರ್ತೀನಿ. ಒಗ್ಗಲಿಲ್ಲಂದ್ರ ಅಣ್ಣಗ ಹೇಳಿ ಕಳಸು, ಬಂದು ಕರಕೊಂಡು ಹೋಗ್ತಾನ. ಆಗ ನೀ ಮಾರಿ ಸಣ್ಣ ಮಾಡಬಾರದು, ನೋಡು."

"ಮಾಡಂಗಿಲ್ಲ" ಎಂದೆ. ಸುರಪುರದಲ್ಲಿ ನಾನು ಹುಡುಕುತ್ತಿದ್ದದ್ದು ಅವಳು ಬಿಟ್ಟುಹೋಗದಂಥ ಮನೆ.

ಆ ಮೊದಲ ಮನೆ ಬಜಾರಿನ ಹಿಂದಿನ ಓಣಿಯಲ್ಲಿತ್ತು. ಶಾಲೆಗೆ ಹತ್ತಿರ, ಬಾಗಿಲಲ್ಲೇ ಬಾವಿ, ಕೆತ್ತನೆಯ ಕಂಬಗಳ ಪಡಸಾಲೆ. ಮನೆಯ ಯಜಮಾನರು ಕಾಳಿನ ವ್ಯಾಪಾರಿ, ತುಂಬ ಮರ್ಯಾದಸ್ಥರು. ಅವರು ನಮ್ಮ ಜಾತಿ ಕೇಳಲಿಲ್ಲ. ಊರು ಕೇಳಿದರು, ಊರಲ್ಲಿ ಅಪ್ಪ ಏನು ಮಾಡುತ್ತಿದ್ದರೆಂದು ಕೇಳಿದರು. ಹರಿಗೋಲು ಎಂದ ಮೇಲೆ ಎಲೆಗೆ ಸುಣ್ಣ ಹಚ್ಚತೊಡಗಿದರು.

"ನಮ್ಮ ಓಣ್ಯಾಗ ಏನದ ಮಾಸ್ತರ, ಸಂಜಿಮುಂದ ಒಗ್ಗರಣಿ ವಾಸನಿ ಒಂದ ಬರ್ತದ. ಬ್ಯಾರೆ ಯಾವ ವಾಸನೀನೂ ಬರಂಗಿಲ್ಲ."

"ಭಾಳ ಚೊಲೊ ಓಣಿ ಬಿಡ್ರಿ" ಎಂದಳು ಅವ್ವ, ನಗುಮುಖದಿಂದಲೇ. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿದಳು. "ನಾ ಒಣ ಮೀನು ಎಲ್ಲಿ ಸುಡ್ಲಿ? ಬಜಾರದಾಗ ಕುಂತು ಸುಡ್ಲಿ?"

"ಸುಡ್ರಿ ಅವ್ವಾರ" ಎಂದರು ಲೆಕ್ಕದ ಮಾಸ್ತರರು. "ವಾಸನಿಗಿ ಅರ್ಧ ಊರು ಅಲ್ಲೇ ಬರ್ತದ. ಆ ಸಾವಕಾರನ ಮಗಾನೂ ಬರ್ತಾನ, ನಾ ಬಲ್ಲೆ."

ನನಗೆ ಆ ಮನೆ ಬಹಳ ಹಿಡಿಸಿತ್ತು. ಮೀನು ಬಿಡು ಎಂದಿದ್ದರೆ ಅವ್ವ ಬಿಡುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ಆಗಲೂ ಹಾಗೆ ಅನ್ನಿಸಿ ಸುಮ್ಮನಿದ್ದೆನೋ, ಅನ್ನಿಸದೆಯೇ ಸುಮ್ಮನಿದ್ದೆನೋ, ತಿಳಿಯದು. ಅಂಥ ಕಡೆಗಳಲ್ಲಿ ನೆನಪು ನನಗೆ ಒಳ್ಳೆಯವನ ವೇಷ ಹಾಕಿಬಿಡುತ್ತದೆ. ಅದಕ್ಕೇ ಅದನ್ನು ನಂಬುವುದಿಲ್ಲ.

ಎರಡನೆಯ ಮನೆ ಕೆರೆಯ ಕಡೆಗೆ, ಇಳಿಜಾರಿನಲ್ಲಿ. ಸುತ್ತ ನಮ್ಮಂಥ ಮಂದಿಯೇ: ಕೂಲಿಯವರು, ಮೇಕೆ ಸಾಕುವವರು, ಮೀನು ತಿನ್ನುವವರು. ನೀರು ಹತ್ತಿರ, ಬಾಡಿಗೆ ಕಡಿಮೆ. ಅವ್ವ ಹೊಸ್ತಿಲಲ್ಲೇ ನಿಂತಳು, ಒಳಗೆ ಹೋಗಲಿಲ್ಲ.

"ತೆಗ್ಗಿನ್ಯಾಗ ಅದ. ತೆಗ್ಗಿನ್ಯಾಗ ನನಗ ನಿದ್ದಿ ಹತ್ತಂಗಿಲ್ಲ."

"ನಮ್ಮಜ್ಜನ ಕಾಲದಿಂದ ಇಲ್ಲಿ ಒಂದ ಸಲಾನೂ ನೀರು ನುಗ್ಗಿಲ್ರಿ" ಎಂದರು ಮಾಸ್ತರರು.

"ನಿಮ್ಮಜ್ಜ ಹೊಳಿ ನೋಡಿದ್ನೇನ್ರಿ?"

ಮಾಸ್ತರರು ಟೋಪಿ ತೆಗೆದು ತಲೆ ಒರೆಸಿಕೊಂಡರು. ಅವರ ಅಜ್ಜ ಹೊಳೆ ನೋಡಿರಲಿಕ್ಕಿಲ್ಲ. ಅವ್ವ ಅಷ್ಟರಲ್ಲಿ ಕತ್ತೆತ್ತಿ ಗುಡ್ಡದ ಕಡೆ ನೋಡುತ್ತಿದ್ದಳು. ಊರಿನ ಒಂದು ಅಂಚಿನಲ್ಲಿ, ದೊಡ್ಡ ದೊಡ್ಡ ಬಂಡೆಗಳ ಕೆಳಗೆ, ಒಂದು ಸಾಲು ಮನೆಗಳಿದ್ದವು. ಅವಳು ಕೈ ಮಾಡಿ ತೋರಿಸಿದಳು.

"ಅಲ್ಲಿ ಯಾರಿರ್ತಾರ?"

"ಅದು ಮುಸಲ್ಮಾನರ ಓಣಿರಿ. ಕಲಾಯಿ ಹಾಕೋರು, ಟಾಂಗಾ ಹೊಡಿಯೋರು ಇದ್ರು. ಆ ಗದ್ದಲದ ವರ್ಷ ಆದಮ್ಯಾಲ ಅರ್ಧ ಮಂದಿ ಹೈದ್ರಾಬಾದಿಗಿ ಹೋಗ್ಯಾರ. ಮನಿ ಖಾಲಿ ಅದಾವ, ಸುಳ್ಳ್ಯಾಕ ಹೇಳ್ಲಿ. ಖರೆ, ಹೊಸ ಮಾಸ್ತರು ಅಲ್ಲಿ ಮನಿ ಹಿಡದ್ರ ಮಂದಿ ನಾಕ ಮಾತು ಅಂತಾರ." ಕೊನೆಯ ಮಾತನ್ನು ಅವರು ನನಗೆ ಹೇಳಿದ್ದು.

ಆ ಗದ್ದಲದ ವರ್ಷ ಎಂದರೆ ನಮ್ಮ ಕಡೆ ಯಾರೂ ಬಿಡಿಸಿ ಕೇಳುವುದಿಲ್ಲ. ನಿಜಾಮರ ಆಡಳಿತ ಮುರಿದುಬಿದ್ದ ವರ್ಷ. ಆಗ ನಾನು ಊರಲ್ಲಿರಲಿಲ್ಲ. ಮೊದಲು ಹಿಂದೂ ಮಂದಿ, ಕೆಲವು ತಿಂಗಳಾದ ಮೇಲೆ ಮುಸಲ್ಮಾನ ಮಂದಿ ಅಂಜಿ ಓಡುತ್ತ ಅಪ್ಪನ ಹರಿಗೋಲಿನಲ್ಲಿ ಹೊಳೆ ದಾಟಿದರೆಂದು ಆಮೇಲೆ ಗೊತ್ತಾಯಿತು. ಅವ್ವ ಅದನ್ನು ಕಂಡವಳು. ಮಾಸ್ತರರಿಗೆ ಅವಳು ಇಷ್ಟೇ ಹೇಳಿದಳು:

"ಅಂಜಿದ ಮಂದಿ ಎಲ್ಲಾರೂ ಹರಿಗೋಲಿನ್ಯಾಗ ಒಂದ ಥರಾ ಕೂಡ್ತಿದ್ರು ಬಿಡ್ರಿ, ಮೊಣಕಾಲು ಹಿಡಕೊಂಡು. ನಡೀರಿ, ಏರೂಣು."

ಓಣಿಯ ತುದಿಯ ಮನೆಯಲ್ಲಿ ಒಬ್ಬ ಮುದುಕಿ ಮೊರದಲ್ಲಿ ಜೋಳ ಕೇರುತ್ತ ಕುಳಿತಿದ್ದಳು. ಓಣಿಯವರಿಗೆ ಅವಳು ಖಾಲಾ, ಎಂದರೆ ಚಿಕ್ಕಮ್ಮ. ಅವ್ವ ಮೊದಲ ದಿನದಿಂದಲೂ ಬೀಬಿ ಎಂದಳು, ನಾನೂ ಹಾಗೇ ಕರೆದೆ. ಗಂಡ ಇರಲಿಲ್ಲ. ಮಗ ಸಂಸಾರ ಕಟ್ಟಿಕೊಂಡು ಹೈದರಾಬಾದಿಗೆ ಹೋಗಿದ್ದ. ಒಂದೇ ಮನೆಗೆ ನಡುವೆ ಗೋಡೆ ಹಾಕಿ ಎರಡು ಮಾಡಿದ್ದರು. ಒಂದು ಅರ್ಧದಲ್ಲಿ ಅವಳು, ಮಗನಿದ್ದ ಇನ್ನೊಂದು ಅರ್ಧ ಖಾಲಿ.

"ಕಿರಾಯೆಕು ಹೋನಾ?" ಎಂದು ನನ್ನನ್ನು ಕೇಳಿ, ನಾನು ಬಾಡಿಗೆಯ ಮಾತು ತೆಗೆಯುವಷ್ಟರಲ್ಲಿ ಅವ್ವನಿಗೆ ಕನ್ನಡದಲ್ಲಿ, "ಒಳಗ ಬರ್ರಿ, ಬಿಸಲಾಗ ಯಾಕ ನಿಂತ್ರಿ" ಎಂದಳು.

ಅವ್ವ ಮುಂದಿನ ಗೋಡೆ ಮುಟ್ಟಿ ನೋಡಿದಳು. ಬಾಗಿಲಿಗೆ ಬಂದು ಕೆಳಗೆ ಊರು, ಕೆರೆ, ಶಹಾಪುರದ ಕಡೆಗೆ ಹೋಗುವ ರಸ್ತೆ ಎಲ್ಲವನ್ನೂ ನೋಡಿದಳು. ಅವಳ ಭುಜಗಳು ಸಡಿಲಾದದ್ದು ನನಗೆ ಕಂಡಿತು. ಇಷ್ಟು ಎತ್ತರಕ್ಕೆ ಯಾವ ಹೊಳೆಯೂ ಬರಲಾರದು.

"ಬೀಬಿ, ನಾ ಮೀನು ತಿನ್ನಾಕಿ. ಒಣಾವು. ವಾಸನಿ ಬರ್ತದ, ಮೊದಲ ಹೇಳ್ತೀನಿ."

"ಮಛ್ಛೀ?" ಮುದುಕಿ ಮೊರವನ್ನು ಕೆಳಗಿಟ್ಟಳು. "ಮೇರೆಕು ಬೀ ದೇವ್." ಆಮೇಲೆ ಅವ್ವನಿಗೆ ತಿಳಿಯಲಿಲ್ಲವೇನೋ ಎಂದು, "ನನಗೂ ಒಂದೀಟ ಕೊಡ್ರಿ, ಅಂದೆ" ಎಂದಳು.

ಮನೆಗೆ ಎದುರುಬದುರು ಎರಡು ಬಾಗಿಲು. ಮುಂದಿನದು ಓಣಿಗೆ, ಹಿಂದಿನದು ಬಂಡೆಯ ಕಡೆಗೆ. ಎರಡರ ನಡುವೆ ಹಾಸುಗಲ್ಲಿನಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆ ಕಡೆದಿತ್ತು. ಅದು ಏಕೆಂದು ನಾನು ಕೇಳಲಿಲ್ಲ. ನೆಲ ತೊಳೆದ ನೀರು ಹೋಗಲಿಕ್ಕೆ ಎಂದುಕೊಂಡಳು ಅವ್ವ. ಬೀಬಿಯೂ ಹೇಳಲಿಲ್ಲ.

ಹೀಗೆ ನಾವು ಗುಡ್ಡದ ಕೆಳಗಿನ ಮನೆ ಸೇರಿದೆವು. ಶಾಲೆಯಲ್ಲಿ ಕೆಲವರು ಮಾತಾಡುವುದನ್ನು ಕಡಿಮೆ ಮಾಡಿದರು, ಕೆಲವರು ಹೆಚ್ಚು ಮಾಡಿದರು. ಮನೆಯ ತಾಪತ್ರಯಗಳು ಒಂದೊಂದಾಗಿ ತಿಳಿದವು. ನೀರನ್ನು ಕೆಳಗಿನ ಬಾವಿಯಿಂದ ಹೊತ್ತು ಏರಬೇಕು. ಶಾಲೆಗೆ ಹೋಗುವ ಮೊದಲು ನಾನು ಹೊರುತ್ತಿದ್ದೆ, ಉಳಿದದ್ದನ್ನು ಅವ್ವ, ಬೀಬಿ ಇಬ್ಬರೂ ಜೊತೆಯಾಗಿ ಹೊರುತ್ತಿದ್ದರು. ಹಗಲೆಲ್ಲ ಕಾದ ಬಂಡೆ ಕತ್ತಲಾದ ಮೇಲೂ ಒಲೆಯ ಹಾಗೆ ಉಸಿರು ಬಿಡುತ್ತಿತ್ತು. "ಈ ಗುಡ್ಡಕ್ಕ ಜ್ವರ ಬಂದಾವ" ಎನ್ನುತ್ತಿದ್ದಳು ಅವ್ವ. ಆದರೂ ಹೋಗುತ್ತೇನೆ ಎನ್ನಲಿಲ್ಲ. ಇರುತ್ತೇನೆ ಎಂದೂ ಹೇಳಲಿಲ್ಲ. ಅವಳ ಗಂಟು ಬಿಚ್ಚಿರಲಿಲ್ಲ. ಬೇಕಾದ ಸೀರೆಯನ್ನು ಅದರ ಬಾಯಿಂದ ಎಳೆದುಕೊಂಡು ಮತ್ತೆ ಕಟ್ಟಿಡುತ್ತಿದ್ದಳು. ಶಾಲೆಯಿಂದ ಬಂದ ಕೂಡಲೇ ನನ್ನ ಕಣ್ಣು ಮೂಲೆಗೆ ಹೋಗುತ್ತಿತ್ತು, ಗಂಟು ಅಲ್ಲೇ ಇದೆಯೇ ಎಂದು.

ಮೊದಲ ದೊಡ್ಡ ಮಳೆ ಒಂದು ಮಧ್ಯಾಹ್ನ ಬಂತು. ಆ ದಿನದ ನನ್ನ ದಿನಚರಿಯಲ್ಲಿ ಇರುವುದು 'ಭಾರೀ ಮಳೆ, ಶಾಲೆ ಬೇಗ ಬಿಟ್ಟಿತು' ಎಂಬಷ್ಟೇ. ನಾನು ಕಂಡದ್ದು, ಅವ್ವ ಹೇಳಿದ್ದು, ಬೀಬಿ ಹೇಳಿದ್ದು ಮೂರೂ ಈಗ ಒಂದರೊಳಗೊಂದು ಕಲೆತುಹೋಗಿವೆ. ನಾನು ಕಂಡದ್ದು ಎಂದು ಖಾತ್ರಿಯಾಗಿ ಹೇಳಬಲ್ಲದ್ದು ಓಣಿಯನ್ನು ಮಾತ್ರ. ನಾನು ಏರಿ ಬರುವಾಗ ಪ್ರತಿ ಮನೆಯ ಮುಂದಿನ ಬಾಗಿಲೂ ತೆರೆದಿತ್ತು. ಪ್ರತಿ ಬಾಗಿಲಿನಿಂದಲೂ ಕೆಂಪು ನೀರು ಸಣ್ಣ ಧಾರೆಯಾಗಿ ಹೊಸ್ತಿಲ ಕೆಳಗಿನ ತೂತಿನಿಂದ ಓಣಿಗೆ ಬೀಳುತ್ತಿತ್ತು. ಒಳಗೆ ಹೆಂಗಸರು ಮಂಚದ ಮೇಲೆ ಕುಳಿತು ಹರಟೆ ಹೊಡೆಯುತ್ತಿದ್ದರು. ಗುಡ್ಡದ ನೀರು ಹಿಂದಿನ ಬಾಗಿಲಿಂದ ಬಂದು, ನೆಲದ ಕಾಲುವೆಯಲ್ಲಿ ಹರಿದು, ಮುಂದಿನಿಂದ ಹೊರಗೆ ಹೋಗುತ್ತಿತ್ತು. ಮಳೆ ಬಂದರೆ ಎಲ್ಲರೂ ಎರಡೂ ಬಾಗಿಲು ತೆಗೆಯಬೇಕು, ತನ್ನ ಪಾಲಿನ ನೀರನ್ನು ತಾನು ದಾಟಿಸಬೇಕು. ಅದು ಆ ಓಣಿಯ ಪದ್ಧತಿ. ಒಂದೇ ಒಂದು ಬಾಗಿಲು ಮುಚ್ಚಿತ್ತು, ಅದರ ಮುಂದಿನ ಕಲ್ಲು ಮಳೆಯ ಹನಿಗಳಿಂದಷ್ಟೇ ಒದ್ದೆಯಾಗಿತ್ತು. ಅದು ನಮ್ಮದು.

ಒಳಗೆ ಅವ್ವ ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದಳು. ಬಾಗಿಲಿನ ಬುಡಕ್ಕೆ ಗೋಣಿಚೀಲ ಮಡಚಿ ಒತ್ತಿ, ಸಂದಿಗಳಿಗೆಲ್ಲ ಬೂದಿ, ಮಣ್ಣು ಕಲಸಿ ಮೆತ್ತಿದ್ದಳು. ಮೊಣಕೈತನಕ ಕೆಸರು. ಹೊಳೆ ಬಂದಾಗ ಊರಲ್ಲಿ ಮಾಡುವಂತೆಯೇ ಮಾಡಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು.

"ನೋಡು, ಹಿಂದಿಂದ ಬಂದದ. ಒಂದ ಹನಿ ಒಳಗ ಬಿಟ್ಟಿಲ್ಲ."

ಅಷ್ಟರಲ್ಲಿ ಬೀಬಿ ಒಳಗೆ ಬಂದಳು. ಸೀರೆ ಮೊಣಕಾಲಿನವರೆಗೆ ಒದ್ದೆ. ಮಳೆಯ ಸಪ್ಪಳದಲ್ಲಿ ನಡುವಿನ ಗೋಡೆ ಬಡಿದು ಬಡಿದು ಸಾಕಾಗಿ ಸುತ್ತಿ ಬಂದಿದ್ದಳು. ಅವಳು ಬಯ್ಯಲಿಲ್ಲ. ಅವ್ವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಗೋಣಿಚೀಲ ಎಳೆಯತೊಡಗಿದಳು. ಬಾಗಿಲು ತೆರೆದದ್ದೇ ನೀರು ಬಂತು, ಕಾಲುವೆಯಲ್ಲಿ ಹರಿದು ಮುಂದಿನಿಂದ ಹೋಯಿತು, ನೆಲ ತುಂಬಲಿಲ್ಲ.

ಅವ್ವ ನೀರಿನ ಹೆಂಗಸು. ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಹರಿಯುವ ನೀರನ್ನು ಒಂದು ಗಳಿಗೆ ನೋಡಿದಳು, ನಡುಗೋಡೆಯನ್ನು ನೋಡಿದಳು, ಎದ್ದು ಪಕ್ಕದ ಅರ್ಧಕ್ಕೆ ಹೋದಳು. ನಮ್ಮ ಪಾಲಿನ ನೀರೂ ಬೀಬಿಯ ಬಾಗಿಲಿಂದಲೇ ನುಗ್ಗಿತ್ತು. ಒಂದು ಮನೆಯ ಕಾಲುವೆ ಎರಡು ಮನೆಯ ನೀರು ಹೊರಲಿಲ್ಲ. ಕೌದಿಗಳು ನೆನೆದಿದ್ದವು. ವರ್ಷಕ್ಕೆಂದು ತುಂಬಿಟ್ಟ ಜೋಳದ ಚೀಲಗಳು ಬುಡದಿಂದ ನೀರು ಕುಡಿದು ಊದಿಕೊಂಡಿದ್ದವು.

ಆ ಸಂಜೆ ಅವ್ವ ಉಣ್ಣಲಿಲ್ಲ. ಗಂಟಿನ ಬಾಯಿಯನ್ನು ಬಿಗಿಯಾಗಿ ಕಟ್ಟಿ ಬಾಗಿಲ ಹತ್ತಿರ ತಂದಿಟ್ಟಳು.

"ಅಣ್ಣಗ ಹೇಳಿ ಕಳಸು."

"ಆಕಿ ಏನೂ ಅಂದಿಲ್ಲಲಾ ಬೇ."

"ಅಂದಿದ್ರ ಇರ್ತಿದ್ದೆ. ಬೈದಿದ್ರ ತಿರುಗಿ ಬೈದು ಇರ್ತಿದ್ದೆ. ಒಬ್ಬಾಕಿ ಮುದಿಕಿ ಕೂಳಿಗಿ ನೀರು ಹಾಕಿ, ಮುಂಜಾನಿಗಿ ಆಕಿ ಮಾರಿ ಹ್ಯಾಂಗ ನೋಡ್ಲಿ?" ಆಮೇಲೆ, "ನೀ ಮಾರಿ ಸಣ್ಣ ಮಾಡಂಗಿಲ್ಲ ಅಂದಿದ್ದಿ" ಎಂದಳು.

ನಾನು ಮಾಡಿರಬೇಕು. ಬೆಳಿಗ್ಗೆ ಬಸ್ಸಿನ ಹತ್ತಿರ ಹೋಗಿ, ದೇವಾಪುರದ ಕಡೆ ಹೊರಟಿದ್ದ ನಮ್ಮೂರಿನವರೊಬ್ಬರಿಗೆ ಹೇಳಿ ಕಳಿಸಿದೆ: ಅವ್ವ ಬರುತ್ತಾಳಂತೆ, ಅಣ್ಣ ಬರಲಿ.

ಶಾಲೆಯಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿತ್ತು. "ಏನ್ರಿ ಮಾಸ್ತರ, ಓಣಿಯವರು ನಿಮ್ಮ ಮನಿಗಿ ನೀರು ಬಿಟ್ರಂತ?" ಎಂದು ಒಬ್ಬರು ಕೇಳಿದರು. ಬಜಾರಿನಲ್ಲಿ ಹಾಗೆಯೇ ಮಾತಾಡುತ್ತಿದ್ದಾರಂತೆ. ಒಂದು ರಾತ್ರಿಯಲ್ಲಿ ನೀರು ದಿಕ್ಕು ಬದಲಿಸಿತ್ತು. ಅವರು ಕೆಟ್ಟವರಲ್ಲ, ಕೇಳಲು ಸಿದ್ಧವಾಗಿದ್ದ ಕಥೆಯನ್ನು ಕೇಳಿಸಿಕೊಂಡಿದ್ದರು. ನಾನು ನೆನಪನ್ನು ಅನುಮಾನಿಸಲು ಕಲಿತದ್ದು ವಿಶ್ವವಿದ್ಯಾಲಯದಲ್ಲಿ ಎಂದು ಹೇಳಿಕೊಳ್ಳುತ್ತಿರುತ್ತೇನೆ, ಬಹುಶಃ ಆ ಬೆಳಿಗ್ಗೆ ಕಲಿತೆ.

"ಬಿಟ್ಟಾಕಿ ನಮ್ಮವ್ವ" ಎಂದೆ. ಲೆಕ್ಕದ ಮಾಸ್ತರರು ಎಲೆಯಡಿಕೆ ಉಗುಳಲು ಎದ್ದು ಹೋಗಿ, ತಿರುಗಿ ಬಂದು, "ಹೊಳಿ ಹೇಳಿ ಬರಂಗಿಲ್ಲ ಅಂದಿದ್ರು, ನಾವೇ ನಕ್ಕೆವು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆ ಮೇಲೆ ಯಾರೂ ಕೇಳಲಿಲ್ಲ.

ಮಳೆ ನಿಂತು ಬಿಸಿಲು ಬಿದ್ದಿತ್ತು. ನಾನು ಮನೆಗೆ ಬಂದಾಗ ಎರಡೂ ಬಾಗಿಲು ತೆರೆದಿದ್ದವು, ಒಳಗೆ ಯಾರೂ ಇರಲಿಲ್ಲ. ಗಂಟು ಬಾಗಿಲ ಹತ್ತಿರವೇ ಇತ್ತು. ಹಿಂದಿನಿಂದ ಮಾತು ಕೇಳಿ ಬಂಡೆ ಹತ್ತಿದೆ. ಬಂಡೆಯ ನೆತ್ತಿಯ ಮೇಲೆ, ಚಪ್ಪಟೆಯಾದ ಕಡೆ, ಸೀರೆ, ಕೌದಿ, ಚಾದರ ಎಲ್ಲ ಹಾಸಿ, ಅವುಗಳ ಮೇಲೆ ಜೋಳ ಹರವಿದ್ದರು. ಆ ಕಡೆಗೆ ಬೀಬಿ, ಈ ಕಡೆಗೆ ಅವ್ವ, ಇಬ್ಬರ ಕೈಯಲ್ಲೂ ಗುಬ್ಬಿ ಓಡಿಸಲು ಒಂದೊಂದು ಬಂದರಿಕೆ ಗಿಡದ ಟೊಂಗೆ.

ಬೆಳಿಗ್ಗೆ ಬೀಬಿ ತಾನೇ ಬಂದು ಕರೆದಳಂತೆ. "ಅಕ್ಕಾ, ಜೋಳ ಮೊಳಕಿ ಒಡೀತಾವ. ಮಾರಿ ಮುಚಕೊಂಡು ಕುಂತ್ರ ಅವು ಒಣಗ್ತಾವೇನು? ಒಂದ ಕಡಿ ಚೀಲಾ ಹಿಡೀರಿ" ಎಂದಳಂತೆ. ಇಷ್ಟನ್ನು ಅವಳು ಕನ್ನಡದಲ್ಲಿ ಹೇಳಿದಳೋ ಅರ್ಧ ದಖನಿಯಲ್ಲೋ ಎಂದು ನಾನು ಅವ್ವನನ್ನು ಎಷ್ಟೋ ಸಲ ಕೇಳಿದ್ದೇನೆ. "ಜೋಳ ಒದ್ದಿ ಆಗ್ಯಾವ ಅಂತ ಹೇಳಾಕ ಯಾವ ಮಾತಾದ್ರೇನು" ಎನ್ನುತ್ತಿದ್ದಳು.

ಹಗಲೆಲ್ಲ ನಾವು ಶಪಿಸುತ್ತಿದ್ದ ಆ ಬಂಡೆಯ ಕಾವು ಈಗ ಜೋಳಕ್ಕೆ ಹಿಡಿಯುತ್ತಿತ್ತು. ಕಾಳಿನಿಂದ ಸಣ್ಣಗೆ ಹಬೆ ಏಳುತ್ತಿತ್ತು, ಹುಳಿಯಾದ ಒಂದು ವಾಸನೆ. ನಾನೂ ಕುಳಿತೆ. ನಾನು ಬಂದೆನೆಂದು ಅವರ ಮಾತು ನಿಲ್ಲಲಿಲ್ಲ.

"ತಪ್ಪು ನಿಮ್ಮದೊಂದ ಅಲ್ಲ ಅಕ್ಕಾ" ಎನ್ನುತ್ತಿದ್ದಳು ಬೀಬಿ. "ಮನಿ ತೋರಿಸುವಾಗ ಹೇಳಬೇಕಾಗಿತ್ತು, ಮಳಿ ಬಂದ್ರ ನೀರು ಒಳಗಿಂದ ಹೋಗ್ತದಂತ. ಹೇಳಿದ್ರ ನೀವು ಮನಿ ಹಿಡೀತಿದ್ದಿಲ್ಲ. ಹೇಳ್ಲಿಲ್ಲ."

"ಹಿಡೀತಿದ್ದಿಲ್ಲ" ಎಂದಳು ಅವ್ವ. "ಗ್ವಾಡಿ ನೋಡಿದ್ದು ನೋಡಿದ್ದೇ, ನೆಲಾ ನೋಡಲಿಲ್ಲ ನಾನು."

"ಮಗ ಹೋದಮ್ಯಾಲ ಮಳಿ ಬಂದಾಗೆಲ್ಲ ಇಲ್ಲಿಂದ ಅಲ್ಲಿಗಿ ಓಡೂದು, ನಿಮ್ಮ ಕಡಿ ಬಾಗಲಾ ತೆಗಿಯೂದು, ನಮ್ಮ ಕಡಿ ಬಾಗಲಾ ತೆಗಿಯೂದು. ಈ ಸಲ ಮಂದಿ ಬಂದಾರ, ಇನ್ನ ಓಡೂದು ತಪ್ತು ಅಂತ ಕುಂತಿದ್ದೆ." ಬೀಬಿ ಬಂದರಿಕೆ ಬೀಸಿದಳು, ಗುಬ್ಬಿಗಳು ಎದ್ದು ಅವ್ವನ ಕಡೆ ಬಂದವು.

"ನನ್ನ ಕಡಿ ಯಾಕ ಕಳಸ್ತಿ? ಗುಡ್ಡದ ಮಂದಿ ನೀವು. ನೀರಿಗಿ ಬಾಗಲಾ ತೆಗದು ಒಳಗ ಬಾ ಅಂತೀರಿ."

"ಹೊಳೀ ಮಂದಿ ನೀವು. ನೀರಿನ ಜೋಡಿನೂ ಜಗಳಾ ತೆಗೀತೀರಿ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ಹಾಗೆ ಮೈ ಕುಲುಕಿ ನಗುವುದನ್ನು ನಾನು ಚಿಕ್ಕವನಾಗಿದ್ದಾಗ ಕಂಡಿದ್ದೆನೇ ಎಂದು ಅಲ್ಲಿ ಕುಳಿತೇ ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

ಅಣ್ಣ ಬಂದದ್ದು ಅದಾದ ಮರುದಿನವೋ ಮೂರನೆಯ ದಿನವೋ. ಕೆಸರು ಮೆತ್ತಿದ ಚಕ್ಕಡಿ, ಒದ್ದೆ ಎತ್ತುಗಳು ನನ್ನ ಕಣ್ಣಿಗೆ ಕಟ್ಟಿದಂತಿವೆ. ತಾನು ಬಸ್ಸಿಗೆ ಬಂದೆ, ಆ ವರ್ಷ ನಮಗೆ ಎತ್ತೇ ಇರಲಿಲ್ಲ ಎಂದು ಅಣ್ಣ ಹೇಳುತ್ತಾನೆ. ಅವನ ಮಾತೇ ಸರಿ ಇರಬೇಕು. ಅವ್ವನನ್ನು ಒಯ್ಯಲು ಬರುವ ಗಾಡಿಯನ್ನು ನಾನು ಆ ದಿನಗಳಲ್ಲಿ ಎಷ್ಟು ಸಲ ಕಲ್ಪಿಸಿಕೊಂಡಿದ್ದೆನೆಂದರೆ ಅದು ಬಂದೇಬಿಟ್ಟಂತಾಗಿದೆ.

ಅವನು ಖಾಲಿ ಮನೆ ನೋಡಿ, ಗಂಟನ್ನು ಹೆಗಲಿಗೇರಿಸಿಕೊಂಡು, ಬಂಡೆಯ ಕೆಳಗೆ ಬಂದು ನಿಂತು ಕೂಗಿದ. "ನಡಿ ಬೇ. ಹೊತ್ತು ಏರ್ತದ."

"ಮೊದಲ ಮ್ಯಾಲ ಬಾ. ಕಾಲಾಗಿಂದು ಬಿಟ್ಟು ಬಾ, ಜೋಳ ತುಳೀಬ್ಯಾಡ" ಎಂದಳು ಅವ್ವ.

ಅಣ್ಣ ಹತ್ತಿ ಬಂದು, ಹರವಿದ ಜೋಳವನ್ನೂ ಪರಿಚಯವಿಲ್ಲದ ಮುದುಕಿಯನ್ನೂ ನೋಡಿ ನನ್ನ ಕಡೆ ಹುಬ್ಬು ಹಾರಿಸಿದ. "ಹೇಳಿ ಕಳಿಸಿದ್ರಿ ಮತ್ತ?"

"ಕಳಿಸಿದ್ದೆ" ಎಂದಳು ಅವ್ವ. "ಇನ್ನೂ ಎರಡು ಬಿಸಲು ಬೇಕು ಇವಕ್ಕ."

"ಅಂದ್ರ ಎರಡು ದಿನ ಬಿಟ್ಟು ಬರ್ಲೇನು?"

"ಅಷ್ಟರಾಗ ಮತ್ತ ಮಳಿ ಬರ್ತದ."

"ಬಂದ್ರ?"

"ಬಂದ್ರ ಆಕಿ ಒಬ್ಬಾಕಿ ಎರಡು ಮನಿ ಬಾಗಲಾ ಹ್ಯಾಂಗ ತೆಗೀಬೇಕು? ಇಂವ ಸಾಲ್ಯಾಗ ಇರ್ತಾನ." ಗುಬ್ಬಿಯ ಕಡೆ ಕೈ ಬೀಸುತ್ತಲೇ ಹೇಳಿದಳು. "ಗಂಟು ಕೆಳಗ ಇಡು, ಹೆಗಲಾ ನೋಯ್ತದ. ಉಂಡು ಹೋಗು."

ಅಣ್ಣ ಗಂಟನ್ನು ಕೆಳಗಿಟ್ಟ. ಬೀಬಿ ಒಂದು ಹಿಡಿ ಜೋಳ ಎತ್ತಿ, ಹಲ್ಲಿನಿಂದ ಒಂದು ಕಾಳು ಕಡಿದು, ಒಣಗಿದೆಯೇ ಎಂದು ಬಹಳ ಹೊತ್ತು ನೋಡಿದಳು.

ಬಸ್ಸಿನವರೆಗೆ ನಾನು ಅಣ್ಣನನ್ನು ಕಳಿಸಲು ಹೋದೆ. ಬಸ್ಸು ಎಂದೇ ಬರೆಯುತ್ತೇನೆ. ದಾರಿಯಲ್ಲಿ ಅವನು ನನ್ನ ಬೆನ್ನ ಮೇಲೆ ಗುದ್ದಿದ. "ನಿನ್ನ ಸಲುವಾಗಿ ಅಲ್ಲಪಾ ಶ್ಯಾಣ್ಯಾ. ಬೀಬಿ ಸಲುವಾಗಿ ಇರಾಕತ್ತ್ಯಾಳ." ನಾನೂ ನಕ್ಕೆ. ಆ ಮಾತು ಸ್ವಲ್ಪ ನಾಟಿತು ಎಂಬುದನ್ನು ದಿನಚರಿಯಲ್ಲಿ ಬರೆಯಲಿಲ್ಲ, ಈಗ ಬರೆಯುತ್ತೇನೆ. ನನಗೆ ವರ್ಗವಾಗುವವರೆಗೆ, ಕೆಲವು ವರ್ಷ, ನಾವು ಆ ಮನೆಯಲ್ಲೇ ಇದ್ದೆವು. ಅವಳು ಯಾರಿಗಾಗಿ ಉಳಿದಳೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವಳು ನನಗೆ ಹಿತವಾದ ಉತ್ತರವನ್ನೇ ಕೊಡುತ್ತಿದ್ದಳು, ನಾನು ಅದನ್ನೂ ಅನುಮಾನಿಸುತ್ತಿದ್ದೆ.

ನಾನು ತಿರುಗಿ ಬಂದಾಗ ಸಂಜೆಯಾಗಿತ್ತು. ಅವ್ವ ಒಲೆ ಹೊತ್ತಿಸಿ, ಹಿಟ್ಟಿನ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು ನನ್ನ ದಾರಿ ನೋಡುತ್ತಿದ್ದಳು.

"ನಿನಗ ಏನು ಸೇರ್ತದ, ಹೇಳು" ಎಂದಳು. "ನನಗ ಗೊತ್ತಿಲ್ಲ. ಇಷ್ಟು ದಿನ ಅಣ್ಣಗ ಸೇರೂದು ಮಾಡಿ ಹಾಕಿನಿ. ನೀ ಸುಮ್ಮ ಉಣ್ಣಾಕತ್ತೀದಿ."

ನನಗೂ ಗೊತ್ತಿರಲಿಲ್ಲ. ಬೋರ್ಡಿಂಗಿನಲ್ಲಿ, ಹಾಸ್ಟೆಲಿನಲ್ಲಿ ಯಾರೂ ಕೇಳುವುದಿಲ್ಲ. ಹಾಕಿದ್ದನ್ನು ಉಂಡು ಏಳಬೇಕು.

"ಏನರ ಮಾಡು" ಎಂದೆ.

"ಏನರ ಅನ್ನೂದು ಅಡಗಿ ಅಲ್ಲ" ಎಂದಳು ಅವ್ವ. "ಕುಂದ್ರು. ವಿಚಾರ ಮಾಡಿ ಹೇಳು. ನನಗೇನು ಅವಸರ ಇಲ್ಲ."